ಸಾಹುಕಾರನಿಗೇ ಏಕವಚನ ಹಾಕಿದ ಅಡುಗೆಯಾಳು

ನಮಸ್ಕಾರ. 1603ರ ಲಂಡನ್ನಿನಲ್ಲಿ ನಡೆಯುವ ನಿಮ್ಮ ಇಂಗ್ಲಿಷ್ ನಾಟಕ ಓದಿದೆ. ಕಥೆ ಹಿಡಿಸಿತು. ಆದರೆ ಮಾತುಗಳು ಹೀಗೇ ಇದ್ದರೆ ತೆಗೆದುಕೊಳ್ಳೋದು ಕಷ್ಟ.

ಮೊದಲ ಅಂಕದಲ್ಲೇ ಅಡುಗೆಯಾಳು ಅರ್ಲ್ ಸಾಹೇಬರ ಮುಂದೆ ಬಗ್ಗಿ ನಿಂತು 'ದೌ ಆರ್ಟ್ ಕೈಂಡ್, ಮೈ ಲಾರ್ಡ್' ಅನ್ನುತ್ತಾನೆ. ಭಾರೀ ವಿನಯ ಅಂದುಕೊಂಡೇ ಬರೆದಿದ್ದೀರಿ. ಆದರೆ ದೌ ಅಂದರೆ ನೀನು! ದೊಡ್ಡವರಿಗೆ ಆಗ ಹೇಳುತ್ತಿದ್ದದ್ದು ಯೂ. ನೀನು-ನೀವು ಅಳೆದು ತೂಗಿ ಮಾತಾಡುತ್ತಲೇ ಬೆಳೆದ ನಮಗೆ ಇದು ಈಗಿನ ಇಂಗ್ಲಿಷರಿಗಿಂತ ಸುಲಭ ಆಗಬೇಕಿತ್ತು, ಅಲ್ವಾ?

ಗೊಂದಲಕ್ಕೆ ಬೈಬಲ್ ಕೂಡ ಕಾರಣ. 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಒಬ್ಬರಿದ್ದರೆ ದೌ, ಹಲವರಿದ್ದರೆ ಯೀ, ಅಷ್ಟೇ ಲೆಕ್ಕ, ಹಾಗಾಗಿ ದೇವರಿಗೂ ದೌ. ಮುಂದೆ ಜನರ ಬಾಯಿಂದ ದೌ ಬಹುಪಾಲು ಮರೆಯಾಗಿ ಪ್ರಾರ್ಥನೆಯಲ್ಲಿ ಉಳಿದದ್ದರಿಂದ ಈಗ ಅದು ಗಂಭೀರವಾಗಿ ಕೇಳುತ್ತದೆ. ದಾಸರು ವಿಠಲನಿಗೆ ನೀನು ಅಂದರು ಅಂತ ನಾವು ತಹಶೀಲ್ದಾರರಿಗೆ ಹಾಗನ್ನುತ್ತೇವಾ?

ನಿಮ್ಮ ನಾಟಕದ ವರ್ಷದಲ್ಲೇ ಇಂಗ್ಲೆಂಡಿನ ಆಸ್ಥಾನಿಕ ಸರ್ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಸರ್ಕಾರದ ಪರ ವಾದಿಸಿದ ಎಡ್ವರ್ಡ್ ಕೋಕ್ ತುಂಬಿದ ನ್ಯಾಯಾಲಯದಲ್ಲಿ ಅವನಿಗೆ 'ಐ ದೌ ದೀ, ದೌ ಟ್ರೇಟರ್' ಅಂದ. ನಿನಗೆ ಏಕವಚನವೇ ಸಾಕು ಕಣೋ ದ್ರೋಹಿ, ಅನ್ನೋ ಧಾಟಿ. ಸರ್ವನಾಮವನ್ನೇ ಬೈಗುಳ ಮಾಡಿಕೊಂಡ! ಅದೇ ದೌ ಪ್ರೇಮಿಗಳ ನಡುವೆ, ಮಕ್ಕಳ ಮುಂದೆ ಸಲಿಗೆ ಆಗುತ್ತಿತ್ತು.

ಇನ್ನು ಕ್ರಿಯಾಪದ. ಹಳೇ ಕಾಲದ ವಾಸನೆ ಬರಲಿ ಅಂತ ಸುಮ್ನೆ ಹ್ಯಾತ್, ಡತ್ (ಈಗಿನ ಹ್ಯಾಸ್, ಡಸ್) ಉದುರಿಸಿದ್ದೀರಿ. 'ಐ ಹ್ಯಾತ್' ತಪ್ಪು. ಐ ಹ್ಯಾವ್, ದೌ ಹ್ಯಾಸ್ಟ್, ಹೀ ಹ್ಯಾತ್. ಆ ಹೊತ್ತಿಗಾಗಲೇ ಲಂಡನ್ನಿನ ಆಡುಮಾತಿನಲ್ಲಿ 'ಕಮೆತ್' ಹೋಗಿ 'ಕಮ್ಸ್' ಜಾಸ್ತಿಯಾಗಿತ್ತು, 'ಕಮೆತ್' ಬಿಗುವಿನ ಮಾತಾಗಿತ್ತು. ಅದನ್ನು ಪಾದ್ರಿಗೆ ಕೊಡಿ, ಅಡುಗೆಯವನಿಗೆ ಬೇಡ.

ಮೂರನೇ ಅಂಕದ ಅಣ್ಣತಮ್ಮಂದಿರ ಜಗಳ ನೋಡಿ. ಮೇಲ್ವರ್ಗದವರು, ಅಲ್ಲಿವರೆಗೂ ಇಬ್ಬರೂ ಯೂ ಅನ್ನಲಿ. ಆಸ್ತಿ ಪತ್ರ ಹೊರಗೆ ಬಂದ ಕೂಡಲೇ ಅಣ್ಣ ದೌಗೆ ಇಳಿಯಲಿ. ತಮ್ಮ ಮಾತ್ರ ಕೊನೇವರೆಗೂ ತಣ್ಣಗೆ ಯೂ ಅನ್ನುತ್ತಲೇ ಇರಲಿ. ಆಗ ಅಣ್ಣನ ಅರ್ಧ ಪುಟದ ಭಾಷಣ ಬೇಕಾಗೋದಿಲ್ಲ, ಕಿತ್ತು ಹಾಕಿ.

ಮೊದಲು ಆ ದೃಶ್ಯ ಒಂದನ್ನೇ ತಿದ್ದಿ ಕಳಿಸಿ. ಪ್ಲೇಗಿನ ದೃಶ್ಯಕ್ಕೆ ಕೈ ಹಾಕಬೇಡಿ, ಅದು ಹಾಗೇ ಇರಲಿ.