ಖಾಕಿ ತೊಟ್ಟ ಮೇಲೆಯೇ ನೀಲಿ ಟೋಪಿ

ಪ್ರಶ್ನೆ: ಮಗಳ ಡಿಗ್ರಿ ಮುಗಿದಿದೆ. ವಿಶ್ವಸಂಸ್ಥೆಯ ಶಾಂತಿಪಡೆಗೆ ಸೇರಿಸುತ್ತೇನೆಂದು ಮಂಗಳೂರಿನ ಏಜೆಂಟರೊಬ್ಬರು ನೋಂದಣಿಗೆ ಹಣ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ ಅಮ್ಮ. ಅರ್ಜಿ, ಸಂದರ್ಶನ, ತರಬೇತಿ, ಯಾವ ಹಂತದಲ್ಲೂ ವಿಶ್ವಸಂಸ್ಥೆಗೆ ಶುಲ್ಕವಿಲ್ಲ. ನೀಲಿ ಟೋಪಿಯ ಸೈನಿಕರನ್ನೂ ಪೊಲೀಸರನ್ನೂ ಕಳಿಸುವುದು ಆಯಾ ದೇಶದ ಸರಕಾರ, ಅದೂ ಈಗಾಗಲೇ ಸೇವೆಯಲ್ಲಿರುವವರನ್ನು. ಹಾಗಾಗಿ ಮಗಳು ಮೊದಲು ಕೇರಳ ಪಿಎಸ್‌ಸಿ ಮೂಲಕ ಪೊಲೀಸ್ ಇಲಾಖೆಗೋ, ಸ್ಟಾಫ್ ಸೆಲೆಕ್ಷನ್ ಕಮಿಷನ್ ಮೂಲಕ ಸಿಆರ್‌ಪಿಎಫ್‌ಗೋ, ಇಲ್ಲವೇ ಸೇನೆಗೋ ಸೇರಲಿ. ಕೆಲವು ವರ್ಷಗಳ ಸೇವೆಯಾದ ಮೇಲೆ ಆ ಕಡೆಯಿಂದಲೇ ಹೆಸರು ಹೋಗಬೇಕು.

ಪೊಲೀಸರಾಗಿ ಹೋಗುವವರಿಗೆ ಭಾಷೆ ಮತ್ತು ಡ್ರೈವಿಂಗ್ ಪರೀಕ್ಷೆ ಇರುತ್ತದೆ, ಬಂದೂಕು ಬೇಕಾದ ಕಡೆಗೆ ಶೂಟಿಂಗ್ ಕೂಡ. ಕನ್ನಡ ಮಾಧ್ಯಮದಲ್ಲಿ ಓದಿದವರು ಈಗಲೇ ದಿನಕ್ಕೊಂದು ಇಂಗ್ಲಿಷ್ ವಾರ್ತೆ ಕೇಳಿ, ಎಲ್ಲಿ, ಯಾವಾಗ, ಯಾರಿಗೆ, ಏನಾಯಿತು ಎಂದು ಹತ್ತು ಸಾಲಿನ ವರದಿ ಬರೆಯುವ ಅಭ್ಯಾಸ ಮಾಡಲಿ. ಸ್ಕೂಟರ್ ಲೈಸೆನ್ಸ್ ಸಾಲದು, ಗೇರ್ ಇರುವ ಜೀಪು ಓಡಿಸಲು ಬರಬೇಕು.

ಪ್ರಶ್ನೆ: ಮಹಿಳೆಯರು ಮತ್ತು ಶಾಂತಿಯ ಬಗೆಗಿನ ಭದ್ರತಾ ಮಂಡಳಿಯ 1325ನೇ ನಿರ್ಣಯದಿಂದ ನಿಜಕ್ಕೂ ಏನಾದರೂ ಬದಲಾಗಿದೆಯೇ?
– ಅಧ್ಯಾಪಕಿ, ಮಂಜೇಶ್ವರ

ಉತ್ತರ: ಬದಲಾಗಿದೆ, ಆದರೆ ನಿಧಾನವಾಗಿ. 2000ದ ಅಕ್ಟೋಬರ್ 31ರಂದು ಒಮ್ಮತದಿಂದ ಅಂಗೀಕಾರವಾದ ಈ ನಿರ್ಣಯ ಸಂಧಾನ, ರಕ್ಷಣೆ, ಪುನರ್ವಸತಿ ಎಲ್ಲದರಲ್ಲೂ ಮಹಿಳೆಯರಿಗೆ ಪಾಲು ಕೇಳಿತು. ಪಾಲಿಸದವರಿಗೆ ದಂಡವಿಲ್ಲ, ಅದೇ ಅದರ ದೌರ್ಬಲ್ಯ. ನೂರಕ್ಕೂ ಹೆಚ್ಚು ದೇಶಗಳು ಇದಕ್ಕಾಗಿ ರಾಷ್ಟ್ರೀಯ ಕಾರ್ಯಯೋಜನೆ ಮಾಡಿಕೊಂಡಿವೆ.

2007ರಲ್ಲಿ ಲೈಬೀರಿಯಕ್ಕೆ ಹೋದ ಸಿಆರ್‌ಪಿಎಫ್ ಮಹಿಳಾ ತುಕಡಿ ವಿಶ್ವಸಂಸ್ಥೆಯ ಮೊದಲ ಪೂರ್ಣ ಮಹಿಳಾ ಪೊಲೀಸ್ ಘಟಕ. ರಾತ್ರಿ ಗಸ್ತು ಸಹ ಅವರ ಕೆಲಸವಾಗಿತ್ತು. ಚೆಕ್‌ಪೋಸ್ಟಿನಲ್ಲಿ ಹೆಂಗಸರನ್ನು ತಪಾಸಣೆ ಮಾಡಲು ಹೆಂಗಸರೇ ಬೇಕು. ಸೌದೆಗೆ ಹೋದ ದಾರಿಯಲ್ಲಿ ದೌರ್ಜನ್ಯ ನಡೆದರೆ ಅದನ್ನು ಗಂಡಸು ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳುವವರು ಕಡಿಮೆ. ಆ ಸುದ್ದಿ ಸಿಗದೆ ಗಸ್ತು ಯಾವ ದಾರಿಯಲ್ಲಿ ತಿರುಗಬೇಕು?

ಎಡವುವುದು ಸಣ್ಣ ವಿಷಯಗಳಲ್ಲಿ. ಶಿಬಿರದಲ್ಲಿ ಪ್ರತ್ಯೇಕ ಶೌಚಾಲಯವಿಲ್ಲ, ಗಂಡಸರ ಅಳತೆಯ ಗುಂಡುನಿರೋಧಕ ಜಾಕೆಟ್ ಮೈಗೆ ಕೂರುವುದಿಲ್ಲ, ಹೋದವರನ್ನು ಕಡತದ ಮುಂದೆ ಕೂರಿಸುತ್ತಾರೆ. ಲೆಕ್ಕಕ್ಕೆ ಮಹಿಳೆಯರಿದ್ದಾರೆ, ಗಸ್ತಿನಲ್ಲಿ ಇಲ್ಲ! 2028ಕ್ಕೆ ಸೇನಾ ತುಕಡಿಗಳಲ್ಲಿ ಶೇ. 15, ಪೊಲೀಸ್ ಘಟಕಗಳಲ್ಲಿ ಶೇ. 20 ಮಹಿಳೆಯರು ಎಂಬುದು ವಿಶ್ವಸಂಸ್ಥೆಯ ಗುರಿ. ಎಷ್ಟು ಮಂದಿ ಹೊರಗಿನ ಕೆಲಸಕ್ಕೆ ಹೋಗುತ್ತಾರೆ ಎಂಬುದನ್ನೂ ಜೊತೆಗೆ ಎಣಿಸದಿದ್ದರೆ ಆ ಶೇಕಡಾವಾರಿಗೆ ಹೆಚ್ಚಿನ ಬೆಲೆಯಿಲ್ಲ.

ಪ್ರಶ್ನೆ: ಹೆಂಗಸರು ಸೇರಿದರೆ ಯುದ್ಧ ನಿಂತೀತೇ?
– ಓದುಗರು, ಕುಂಬಳೆ

ಉತ್ತರ: ಅವರೊಬ್ಬರಿಂದಲೇ ನಿಲ್ಲುವುದಿಲ್ಲ. 2003ರಲ್ಲಿ ಘಾನಾದ ಅಕ್ರಾದಲ್ಲಿ ಲೈಬೀರಿಯದ ಅಂತರ್ಯುದ್ಧ ನಿಲ್ಲಿಸುವ ಸಂಧಾನ ಎಳೆದಾಡುತ್ತಿದ್ದಾಗ ಆ ದೇಶದ ಶಾಂತಿ ಹೋರಾಟಗಾರ್ತಿ ಲೇಮಾ ಬೋವಿ ಮತ್ತವರ ಸಂಗಡಿಗರು ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತು, ಪ್ರತಿನಿಧಿಗಳನ್ನು ಹೊರಬಿಡಲಿಲ್ಲ. ಆಗಸ್ಟ್ 18ಕ್ಕೆ ಒಪ್ಪಂದವಾಯಿತು. ಆದರೆ ಅಷ್ಟರಲ್ಲಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಅಧಿಕಾರ ಬಿಟ್ಟಾಗಿತ್ತು, ಪಶ್ಚಿಮ ಆಫ್ರಿಕದ ಪಡೆಗಳೂ ಬಂದಿಳಿದಿದ್ದವು. ಇವೆಲ್ಲ ಕೂಡಿ ಬಂದದ್ದರಿಂದ ಬಂದೂಕು ಇಳಿಯಿತು.