ಬ್ರಾಡ್‌ವೇಯಲ್ಲಿ ಹಳೆಯ ಮ್ಯೂಸಿಕಲ್‌ಗೆ ಸ್ಟಾರ್ ಹಾಕಿದರೆ ಟಿಕೆಟ್ ನಿಜವಾಗಿಯೂ ಜಾಸ್ತಿ ಮಾರುತ್ತಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಹಳೆಯ ಮ್ಯೂಸಿಕಲ್ (ಹಾಡು-ಕುಣಿತದ ನಾಟಕ) ಒಂದನ್ನು ನ್ಯೂಯಾರ್ಕ್‌ನ ದೊಡ್ಡ ಥಿಯೇಟರ್‌ಗಳ ತಾಣವಾದ ಬ್ರಾಡ್‌ವೇಯಲ್ಲಿ ಮತ್ತೆ ರಂಗಕ್ಕೆ ತರುವಾಗ ದೊಡ್ಡ ಹೆಸರಿನವರೊಬ್ಬರನ್ನು ಹಾಕಿಕೊಂಡರೆ ಗಲ್ಲಾಪೆಟ್ಟಿಗೆಗೆ ಎಷ್ಟು ವ್ಯತ್ಯಾಸವಾಗುತ್ತದೆ? ಬೇಸಿಗೆಯಲ್ಲಿ ನ್ಯೂಯಾರ್ಕ್‌ಗೆ ಬರುವ ನೀವು ಸ್ಟಾರ್ ಇರುವ ಶೋಗೇ ದುಡ್ಡು ಸುರಿಯಬೇಕಾ? ನಾನು ರಂಗಭೂಮಿಯ ಕೆಲಸದವನಲ್ಲ. ನ್ಯೂಜೆರ್ಸಿಯಲ್ಲಿದ್ದುಕೊಂಡು ಬಿಡುವಾದಾಗ ಬಸ್ಸು ಹತ್ತಿ ನಾಟಕ ನೋಡಲು ಹೋಗುವವನು. ಜೊತೆಗೆ, ಅಲ್ಲಿನ ನಿರ್ಮಾಪಕರು, ಥಿಯೇಟರ್ ಮಾಲೀಕರ ಸಂಘವಾದ ಬ್ರಾಡ್‌ವೇ ಲೀಗ್ ಪ್ರತಿ ವಾರ ಪ್ರಕಟಿಸುವ ಗಳಿಕೆಯ ಪಟ್ಟಿಯನ್ನು ತಪ್ಪದೆ ನೋಡುವ ಚಟ ಒಂದಿದೆ.

ವ್ಯತ್ಯಾಸವಂತೂ ಆಗುತ್ತದೆ, ಕೆಲವೊಮ್ಮೆ ಎರಡು ಪಟ್ಟು. ಆದರೆ ಅದು ಹೆಚ್ಚಾಗಿ ಕಾಣುವುದು ಸೀಟಿನ ಬೆಲೆಯಲ್ಲಿ. ನಮ್ಮಲ್ಲಿ ಸ್ಟಾರ್ ಸಿನಿಮಾ ಬಿಡುಗಡೆಯಾದರೆ ಒಂದೇ ದಿನ ನೂರಾರು ಥಿಯೇಟರ್‌ಗಳಲ್ಲಿ ಅದೇ ಮುಖ. ಬ್ರಾಡ್‌ವೇ ಸ್ಟಾರ್ ಇರುವುದು ಒಂದೇ ಥಿಯೇಟರ್‌ನಲ್ಲಿ. ಸಾಮಾನ್ಯವಾಗಿ ಸಾವಿರದಿಂದ ಸಾವಿರದ ಐನೂರು ಸೀಟು, ವಾರಕ್ಕೆ ಎಂಟು ಪ್ರದರ್ಶನ, ಅಷ್ಟೇ. ಹೌಸ್‌ಫುಲ್ ಆದಮೇಲೆ ಜನರನ್ನು ಇನ್ನು ತುಂಬುವುದೆಲ್ಲಿಗೆ? ಆಗ ಏರುವುದು ದರ. ಒಳ್ಳೆಯ ಜಾಗದ ಸೀಟುಗಳನ್ನು ‘ಪ್ರೀಮಿಯಂ’ ಎಂದು ಬೇರೆ ಮಾಡಿ ದುಪ್ಪಟ್ಟು, ಮೂರು ಪಟ್ಟಿಗೆ ಮಾರುವ ಪದ್ಧತಿ 2001ರಲ್ಲಿ ಶುರುವಾಯಿತು. ಅಲ್ಲಿಂದ ಮುಂದೆ ಸ್ಟಾರ್‌ನ ತೂಕ ನೇರವಾಗಿ ಡಾಲರ್‌ಗೆ ಇಳಿಯತೊಡಗಿತು.

ಇದಕ್ಕೆ 2017ರ ‘ಹಲೋ, ಡಾಲಿ!’ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹೆಸರಾಂತ ಗಾಯಕಿ-ನಟಿ ಬೆಟ್ ಮಿಡ್ಲರ್ ಬರುತ್ತಾರೆಂದು ಟಿಕೆಟ್ ಬಿಟ್ಟ ಮೊದಲ ದಿನವೇ 90 ಲಕ್ಷ ಡಾಲರ್ ಮಾರಾಟವಾಯಿತು. ಪರದೆ ಏಳುವ ಹೊತ್ತಿಗೆ ಮುಂಗಡ ಮಾರಾಟ 4 ಕೋಟಿ ಡಾಲರ್ ದಾಟಿತ್ತು. ಒಬ್ಬ ವಿಮರ್ಶಕನೂ ಇನ್ನೂ ಒಂದು ಸಾಲು ಬರೆದಿರಲಿಲ್ಲ ಅನ್ನುವುದನ್ನು ಗಮನಿಸಿ. ಪ್ರೀಮಿಯಂ ಸೀಟು 748 ಡಾಲರ್. ವಾರದ ಗಳಿಕೆ 20 ಲಕ್ಷದ ಮೇಲೆಯೇ ನಿಂತಿತ್ತು. ಮಂಗಳವಾರ ಮಾತ್ರ ಮಿಡ್ಲರ್ ಬದಲು ಡೋನಾ ಮರ್ಫಿ, ಟಿಕೆಟ್ ದರವೂ ಕಡಿಮೆ. ಮಿಡ್ಲರ್ ರಜೆ ಹಾಕಿ ಮರ್ಫಿಯೇ ಇಡೀ ವಾರ ಆಡಿದಾಗ ಗಳಿಕೆ ಸುಮಾರು ಅರ್ಧಕ್ಕೆ ಬಿತ್ತು. ಮರ್ಫಿ ಯಾರೋ ಹೊಸಬರಲ್ಲ, ಮ್ಯೂಸಿಕಲ್‌ಗಳಿಗಾಗಿಯೇ ಎರಡು ಟೋನಿ (ಬ್ರಾಡ್‌ವೇಯ ಅತಿ ದೊಡ್ಡ ಪ್ರಶಸ್ತಿ) ಗೆದ್ದವರು. ಸೆಟ್ಟು ಅದೇ, ವಾದ್ಯವೃಂದ ಅದೇ, ಮೆಟ್ಟಿಲ ಮೇಲಿಂದ ಇಳಿದು ಬರುವ ಆ ಪ್ರಸಿದ್ಧ ದೃಶ್ಯವೂ ಅದೇ. ಉಳಿದರ್ಧ ದುಡ್ಡು ಒಬ್ಬ ಮನುಷ್ಯೆಯದು!

ಹಾಗಾದರೆ ಖ್ಯಾತಿ ದೊಡ್ಡದಿದ್ದಷ್ಟೂ ಟಿಕೆಟ್ ಜಾಸ್ತಿ ಅಂತಲಾ? ಅಲ್ಲೇ ಲೆಕ್ಕ ತಪ್ಪುವುದು. ನನ್ನ ಅಭಿಪ್ರಾಯದಲ್ಲಿ ಜನ ಬೆಲೆ ಕೊಡುವುದು ‘ಇವರು ಈ ಪಾತ್ರದಲ್ಲಿ’ ಎಂಬ ಜೋಡಿಗೆ. ‘ಫನ್ನಿ ಗರ್ಲ್’ ಕಥೆ ನೋಡಿ. 1964ರಲ್ಲಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಆಡಿ ತಮ್ಮದಾಗಿಸಿಕೊಂಡ ಪಾತ್ರ ಅದು. ಆ ಮೊದಲ ಪ್ರಯೋಗ ಮುಗಿದ ಮೇಲೆ ದಶಕಗಳ ಕಾಲ ಬ್ರಾಡ್‌ವೇಯಲ್ಲಿ ಯಾರೂ ಆ ನಾಟಕವನ್ನು ಮತ್ತೆ ಮುಟ್ಟಲಿಲ್ಲ. 2022ರ ಏಪ್ರಿಲ್‌ನಲ್ಲಿ ಆಗಸ್ಟ್ ವಿಲ್ಸನ್ ಥಿಯೇಟರ್‌ನಲ್ಲಿ ಬೀನಿ ಫೆಲ್ಡ್‌ಸ್ಟೀನ್ ಜೊತೆ ಬಂತು. ಸಿನಿಮಾ, ಟಿವಿಯಲ್ಲಿ ಹೆಸರಿದ್ದವರೇ. ಶುರುವಿನ ವಾರಗಳ ಗಳಿಕೆ 10 ಲಕ್ಷದ ಮೇಲಿತ್ತು. ಆದರೆ ಈ ಹಾಡುಗಳಿಗೆ ಬೇಕಾದ ಕಂಠ ಅವರದ್ದಲ್ಲ ಎಂದು ವಿಮರ್ಶಕರು ಬರೆದರು, ಗಳಿಕೆಯೂ ಇಳಿಯುತ್ತ ಹೋಯಿತು. ಜುಲೈ ಕೊನೆಗೆ ಅವರು ಹೊರನಡೆದರು. ಆಗಸ್ಟ್ ಪೂರ್ತಿ ಸ್ಟ್ಯಾಂಡ್‌ಬೈ, ಅಂದರೆ ಬದಲಿ ನಟಿ, ಜೂಲಿ ಬೆಂಕೊ ಆಡಿದರು. ಸೆಪ್ಟೆಂಬರ್ 6ಕ್ಕೆ ಲಿಯಾ ಮಿಶೆಲ್ ಬಂದರು.

ಜಾಗತಿಕ ತಾರೆಯರ ಸಾಲಿನಲ್ಲಿ ನಿಲ್ಲಿಸುವ ಹೆಸರಲ್ಲ ಮಿಶೆಲ್ ಅವರದು. ಆದರೆ ‘ಗ್ಲೀ’ ಎಂಬ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ಅವರು ಮಾಡಿದ ರೇಚಲ್ ಬೆರಿ ಪಾತ್ರ ಸ್ಟ್ರೈಸ್ಯಾಂಡ್ ಎಂದರೆ ಪ್ರಾಣ ಬಿಡುವ ಹುಡುಗಿಯದು. ಅವಳು ಬ್ರಾಡ್‌ವೇಯಲ್ಲಿ ಇದೇ ನಾಟಕದ ನಾಯಕಿಯಾಗುವ ಕಥೆಯೂ ಆ ಧಾರಾವಾಹಿಯಲ್ಲೇ ಬಂದಿತ್ತು. ಅದನ್ನು ನೋಡಿ ಬೆಳೆದವರಿಗೆ ಇದು ವರ್ಷಗಳಿಂದ ಬಾಕಿ ಉಳಿದಿದ್ದ ಕಂತು ಎನ್ನಿಸಿತು. 10 ಲಕ್ಷದ ಕೆಳಗೆ ಕುಸಿದಿದ್ದ ಗಳಿಕೆ ಆ ವರ್ಷದ ಕ್ರಿಸ್‌ಮಸ್ ವಾರದಲ್ಲಿ ಸುಮಾರು 24 ಲಕ್ಷಕ್ಕೆ ಹೋಯಿತು. ಸೆಟ್ಟು, ಹಾಡು, ನಿರ್ದೇಶನ ಯಾವುದನ್ನೂ ಬದಲಿಸಿರಲಿಲ್ಲ. ಸ್ಟಾರ್‌ನ ಪರಿಣಾಮವನ್ನು ಇಷ್ಟು ಚೊಕ್ಕವಾಗಿ ಬೇರೆ ಮಾಡಿ ತೋರಿಸುವ ಪ್ರಕರಣ ನನಗೆ ಇನ್ನೊಂದು ಗೊತ್ತಿಲ್ಲ.

ನಾನು ಅದನ್ನು ನೋಡಿದ್ದು ಒಂದು ಗುರುವಾರ. ಗುರುವಾರ ಮಿಶೆಲ್ ಆಡುತ್ತಿರಲಿಲ್ಲ, ಬೆಂಕೊ ಅವರದೇ ದಿನ. ಇದನ್ನು ಮೊದಲೇ ಪ್ರಕಟಿಸಿದ್ದರು, ದರವೂ ಕಡಿಮೆ ಇದ್ದಿದ್ದರಿಂದಲೇ ನಾನು ಆ ದಿನ ತೆಗೆದುಕೊಂಡೆ. ನನ್ನ ಮುಂದಿನ ಸಾಲಿನ ತಾಯಿ-ಮಗಳಿಗೆ ಇದು ಗೊತ್ತಿರಲಿಲ್ಲ. ಮಗಳು ಪ್ಲೇಬಿಲ್ (ನಟರ ಹೆಸರಿರುವ ಕಿರುಪುಸ್ತಿಕೆ) ಬಿಚ್ಚಿ ಅಲ್ಲಿದ್ದ ಹೆಸರು ಓದಿ ತಾಯಿಯ ಮುಖ ನೋಡಿದಳು. ತಾಯಿ ಫೋನಿನಲ್ಲಿ ಟಿಕೆಟ್ ತೆಗೆದು ಸಣ್ಣ ಅಕ್ಷರಗಳನ್ನು ಹಿಗ್ಗಿಸಿ ಹಿಗ್ಗಿಸಿ ಓದುತ್ತಿದ್ದರು. ಮೊದಲ ಅಂಕ ಮುಗಿಯುವಾಗ ಇಬ್ಬರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು ಅನ್ನಿ. ಬೆಂಕೊ ಅಷ್ಟು ಚೆನ್ನಾಗಿ ಹಾಡಿದರು. ಆದರೆ ಆ ಚಪ್ಪಾಳೆ ಬರುವುದು ಟಿಕೆಟ್ ಮಾರಿದ ಮೇಲೆ. ಮಾರುವಾಗ ಕೆಲಸ ಮಾಡುವುದು ಹೆಸರು.

ನಿರ್ಮಾಪಕರ ತಲೆನೋವು ನಿಜವಾಗಿ ಶುರುವಾಗುವುದು ಒಪ್ಪಂದ ಮುಗಿದು ಸ್ಟಾರ್ ಹೊರಡುವ ದಿನ. 2010ರಲ್ಲಿ ‘ಎ ಲಿಟಲ್ ನೈಟ್ ಮ್ಯೂಸಿಕ್’ನಿಂದ ಕ್ಯಾಥರೀನ್ ಝೀಟಾ-ಜೋನ್ಸ್ ಮತ್ತು ಆಂಜೆಲಾ ಲ್ಯಾನ್ಸ್‌ಬರಿ ಒಟ್ಟಿಗೇ ಹೊರಟಾಗ ಶೋವನ್ನೇ ಕೆಲವು ವಾರ ನಿಲ್ಲಿಸಿ, ಬರ್ನಡೆಟ್ ಪೀಟರ್ಸ್ ಮತ್ತು ಎಲೇನ್ ಸ್ಟ್ರಿಚ್ ಅವರನ್ನು ಕರೆತಂದು ಮತ್ತೆ ತೆರೆದರು. 2012ರ ‘ಎವಿಟಾ’ಕ್ಕೆ ಆ ಅದೃಷ್ಟ ಇರಲಿಲ್ಲ. ಪಾಪ್ ಗಾಯಕ ರಿಕಿ ಮಾರ್ಟಿನ್ ಮತ್ತು ಜೊತೆಯವರ ಒಪ್ಪಂದ ಮುಗಿಯುತ್ತಲೇ, 2013ರ ಜನವರಿಯಲ್ಲಿ, ಶೋ ಕೂಡ ಮುಗಿಯಿತು. ಹೊಸ ಮ್ಯೂಸಿಕಲ್ ಆದರೆ ನಾಟಕದ ಹೆಸರೇ ನಿಧಾನವಾಗಿ ಸ್ಟಾರ್ ಆಗಬಹುದು. ಮರುಪ್ರಯೋಗದ ಕಥೆ, ಹಾಡು ಎಲ್ಲ ಜನರಿಗೆ ಮೊದಲೇ ಗೊತ್ತು. ಹೀಗಾಗಿ ‘ಈ ಸಲ ಯಾರು?’ ಅನ್ನುವುದೇ ಅದರ ಸುದ್ದಿ.

ಸ್ಟಾರ್ ದುಬಾರಿ ಕೂಡ. ಖಚಿತ ಸಂಬಳದ ಮೇಲೆ ವಾರದ ಗಳಿಕೆಯಲ್ಲೂ ಪಾಲು ಕೊಡುವ ಒಪ್ಪಂದಗಳು ಸಾಮಾನ್ಯ. ಹುಷಾರು ತಪ್ಪಿದರಂತೂ ಮುಗಿಯಿತು. 2021ರ ಡಿಸೆಂಬರ್‌ನಲ್ಲಿ ಹ್ಯೂ ಜಾಕ್‌ಮನ್‌ಗೆ ಕೋವಿಡ್ ಬಂದಾಗ ‘ದ ಮ್ಯೂಸಿಕ್ ಮ್ಯಾನ್’ ಹಲವು ಪ್ರದರ್ಶನಗಳನ್ನೇ ರದ್ದು ಮಾಡಬೇಕಾಯಿತು. ಅವರು ಇದ್ದಾಗ ಅದೇ ಶೋ ವಾರಕ್ಕೆ 30 ಲಕ್ಷ ಡಾಲರ್ ಮೀರಿ ಗಳಿಸುತ್ತಿತ್ತು.

ಇನ್ನು ಗಳಿಕೆ ಬೇರೆ, ಲಾಭ ಬೇರೆ. ಆಡ್ರಾ ಮೆಕ್‌ಡೊನಾಲ್ಡ್ ಆರು ಟೋನಿ ಗೆದ್ದವರು, ನಟನೆಯಲ್ಲಿ ಅಷ್ಟು ಗೆದ್ದವರು ಮತ್ತೊಬ್ಬರಿಲ್ಲ. ಅವರ ‘ಜಿಪ್ಸಿ’ 2024ರ ಡಿಸೆಂಬರ್‌ನಲ್ಲಿ ತೆರೆದಾಗ ಮೆಚ್ಚುಗೆ ಸುರಿಯಿತು. ಅಕ್ಟೋಬರ್‌ವರೆಗೆ ಟಿಕೆಟ್ ಮಾರಾಟಕ್ಕಿಟ್ಟಿದ್ದವರು 2025ರ ಆಗಸ್ಟ್ 17ಕ್ಕೇ ಬಾಗಿಲು ಹಾಕಿದರು. ‘ಕ್ಯಾಬರೆ’ ಎಡ್ಡಿ ರೆಡ್‌ಮೇಯ್ನ್ ಹೋದ ಮೇಲೆ ಆಡಮ್ ಲ್ಯಾಂಬರ್ಟ್, ಓರ್ವಿಲ್ ಪೆಕ್, ಬಿಲ್ಲಿ ಪೋರ್ಟರ್ ಎಂದು ಒಬ್ಬರಾದ ಮೇಲೆ ಒಬ್ಬರನ್ನು ತಂದಿತು. ಅದೂ ಅಂದುಕೊಂಡಿದ್ದಕ್ಕಿಂತ ಮೊದಲೇ ಮುಚ್ಚಿತು. ಇದಕ್ಕೆ ಎದುರಾಗಿ ‘ಮೆರಿಲಿ ವಿ ರೋಲ್ ಅಲಾಂಗ್’. 1981ರಲ್ಲಿ ಬರೀ 16 ಪ್ರದರ್ಶನಕ್ಕೆ ಮುಗ್ಗರಿಸಿದ್ದ ಮ್ಯೂಸಿಕಲ್ ಅದು. 2023ರಲ್ಲಿ ಡೇನಿಯಲ್ ರಾಡ್‌ಕ್ಲಿಫ್, ಜೊನಾಥನ್ ಗ್ರಾಫ್, ಲಿಂಡ್ಸೆ ಮೆಂಡೆಸ್ ಆಡಿದಾಗ ಹಾಕಿದ ಬಂಡವಾಳವೆಲ್ಲ ವಾಪಸ್ ಬಂತು. ಥಿಯೇಟರ್ ಚಿಕ್ಕದು, ಅವಧಿ ಒಂದು ವರ್ಷಕ್ಕೂ ಕಡಿಮೆ, ಮೂವರೂ ಕೊನೆವರೆಗೆ ಇದ್ದರು. ಎಷ್ಟು ದಿನ ಇರುತ್ತಾರೋ ಅಷ್ಟಕ್ಕೇ ಲೆಕ್ಕ ಹಾಕಿ ಖರ್ಚು ಹಿಡಿದರೆ ಮಾತ್ರ ಸ್ಟಾರ್ ಗಿಟ್ಟುತ್ತಾರೆ ಅಂತ ನನಗೆ ಅನಿಸುವುದು ಇದನ್ನೆಲ್ಲ ನೋಡಿ.

‘ಶಿಕಾಗೊ’ ಬೇರೆಯೇ ಜಾತಿ. 1996ರಿಂದ ಓಡುತ್ತಿದೆ, ಸೆಟ್ಟು ಅನ್ನುವಂಥದ್ದು ಹೆಚ್ಚೇನಿಲ್ಲ, ವಾದ್ಯದವರು ವೇದಿಕೆಯ ಮೇಲೇ ಕೂತಿರುತ್ತಾರೆ, ಉಡುಪೆಲ್ಲ ಕಪ್ಪು. ಖರ್ಚು ಕಡಿಮೆ ಇರುವುದರಿಂದ ಮಂದ ಕಾಲದಲ್ಲೂ ತಡೆದುಕೊಳ್ಳುತ್ತದೆ. ನಡುನಡುವೆ ಕೆಲವು ವಾರಕ್ಕೆ ಒಂದು ಸುದ್ದಿಯ ಹೆಸರನ್ನು ತಂದು (2022ರಲ್ಲಿ ಪಮೇಲಾ ಆಂಡರ್ಸನ್ ಬಂದಿದ್ದರು) ಗಳಿಕೆ ಏರಿಸಿಕೊಳ್ಳುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಆ ನಟರನ್ನೇ ಕಣ್ಣಾರೆ ನೋಡಬೇಕೆಂಬ ಆಸೆ ಇದ್ದರೆ ದುಡ್ಡು ಕೊಡಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಳ್ಳುವ ಮೊದಲು ಶೋನ ವೆಬ್‌ಸೈಟಿನಲ್ಲಿ ಅವರು ಯಾವ ದಿನ ಆಡುವುದಿಲ್ಲ ಅಂತ ಹುಡುಕಿ. ಜಾಹೀರಾತಿನಲ್ಲಿ ಅವರ ಹೆಸರು ನಾಟಕದ ಹೆಸರಿನ ಮೇಲಿದೆಯೋ ಕೆಳಗಿದೆಯೋ ಅನ್ನುವುದನ್ನೂ ನೋಡಿ. ಮೇಲಿದ್ದು, ಆ ದಿನ ಅವರು ಗೈರಾದರೆ ಸಾಮಾನ್ಯವಾಗಿ ಹಣ ವಾಪಸ್ ಅಥವಾ ಬೇರೆ ದಿನದ ಟಿಕೆಟ್ ಕೇಳಬಹುದು. ಕೆಳಗಿದ್ದರೆ ಆ ಆಸೆ ಬಿಡಿ. ಪರದೆ ಏಳುವ ಮೊದಲೇ ಲಾಬಿಯ ಬೋರ್ಡು ಓದಿಕೊಂಡು ಬಾಕ್ಸ್ ಆಫೀಸಿಗೆ ಹೋಗಬೇಕು, ಒಳಗೆ ಕೂತು ನೋಡಿದ ಮೇಲೆ ಕೇಳುವವರಿಲ್ಲ. ಬೇರೆ ಕಡೆ ಮರುಮಾರಾಟದವರಿಂದ ಕೊಂಡಿದ್ದರೆ ಈ ದಾರಿಯೂ ಕಷ್ಟ.

ನಾಟಕ ಮುಖ್ಯ, ನಟರು ಯಾರಾದರೂ ಸರಿ ಅನ್ನುವುದಾದರೆ ಟೈಮ್ಸ್ ಸ್ಕ್ವೇರ್‌ನ ಕೆಂಪು ಮೆಟ್ಟಿಲುಗಳ ಕೆಳಗೆ ಟಿಕೆಟಿಎಸ್ (TKTS) ಎಂಬ ರಿಯಾಯಿತಿ ಟಿಕೆಟ್ ಕೌಂಟರ್ ಇದೆ, ಅದೇ ದಿನದ ಟಿಕೆಟ್ ಅರ್ಧ ದರದವರೆಗೂ ಸಿಗುತ್ತದೆ. ಸ್ಟಾರ್ ಆಡುತ್ತಿರುವ ಶೋ ಹೆಸರು ಆ ಬೋರ್ಡಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅವರು ಹೋದ ವಾರ ಕಾಣಿಸಿಕೊಳ್ಳುವ ಸಂಭವ ಹೆಚ್ಚು, ನಾನಂತೂ ಕಾಯುವುದು ಆ ವಾರಕ್ಕೇ.