ಮಾರ್ಚ್ ಬಂದ ಮೇಲೆ ಮೈಸೂರಿನಲ್ಲಿ ಹಕ್ಕಿ ನೋಡಲು ಏನು ಉಳಿದಿರುತ್ತದೆ?

ಚಳಿಗಾಲ ಮುಗಿದರೆ ವಲಸೆ ಹಕ್ಕಿಗಳು ಹೊರಟುಹೋಗುತ್ತವಲ್ಲ, ಯುಗಾದಿ ರಜೆಗೆ ಏಳು ವರ್ಷದ ಮಗನನ್ನು ಕರೆತಂದರೆ ಮೈಸೂರಿನ ಪಾರ್ಕು, ಕೆರೆಗಳಲ್ಲಿ ಏನಾದರೂ ಸಿಗುತ್ತದೆಯೇ ಎಂದು ಕೇಳಿದ್ದೀರಿ.

ಹೊರಟುಹೋಗುವುದು ನಿಜ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಆಸೆಯನ್ನು ಈ ಸಲಕ್ಕೆ ಬಿಡಿ. ಅವು ಹಿಮಾಲಯದಾಚೆಗೆ ಹಿಂದಿರುಗುವ ಕಾಲ ಅದು. ಆದರೆ ನಮ್ಮೂರಿನ ಹಕ್ಕಿಗಳು ಸಂಸಾರ ಹೂಡುವುದು ಆಗಲೇ. ಡಿಸೆಂಬರಿನಲ್ಲಿ ಎಷ್ಟು ಬಗೆ ಕಂಡವೆಂದು ಲೆಕ್ಕ ಹಾಕುತ್ತಾ ತಿರುಗುತ್ತೇವೆ. ಮಾರ್ಚಿನಲ್ಲಿ ಒಂದೇ ಮರದ ಕೆಳಗೆ ಕುಳಿತರೂ ಹೊತ್ತು ಹೋಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಗೆ ಬನ್ನಿ. ಟುಕ್, ಟುಕ್, ಟುಕ್ ಎಂದು ಯಾರೋ ಪಾತ್ರೆ ತಟ್ಟುತ್ತಿರುವಂತೆ ಕೇಳಿದರೆ ಅದು ಕಂಚುಕುಟಿಗ. ಗುಬ್ಬಿಗಿಂತ ತುಸು ದೊಡ್ಡದು, ಹಸಿರು ಮೈ, ಹಣೆಯಲ್ಲಿ ಕುಂಕುಮ ಇಟ್ಟಂತೆ ಕೆಂಪು. ಕೂಗುವಾಗ ಕೊಕ್ಕು ತೆರೆಯುವುದಿಲ್ಲ. ಒಂದೊಂದು ಟುಕ್‌ಗೂ ಗಂಟಲು ಉಬ್ಬಿ ಇಳಿಯುತ್ತದೆ. ತಲೆಯನ್ನು ಅತ್ತಿತ್ತ ತಿರುಗಿಸುತ್ತಲೇ ಕೂಗುವುದರಿಂದ ಸದ್ದು ಯಾವ ಕಡೆಯದೆಂದು ತಿಳಿಯದೆ ನಾನು ಮೊದಲ ವರ್ಷವೆಲ್ಲ ತಪ್ಪು ಮರವನ್ನೇ ನೋಡುತ್ತಿದ್ದೆ. ಒಮ್ಮೆ ಒಂದು ಪಾರ್ಕಿನ ಬೆಂಚಿನಲ್ಲಿ ಕುಳಿತಿದ್ದಾಗ ತೊಡೆಯ ಮೇಲೆ ಮರದ ಹೊಟ್ಟು ಉದುರಿತು. ತಲೆಯೆತ್ತಿದರೆ ಒಣಕೊಂಬೆಯ ಅಡಿಮೈಯಲ್ಲಿ ಜೋಡಿಯೊಂದು ಸರದಿಯ ಮೇಲೆ ಗೂಡು ಕೊರೆಯುತ್ತಿತ್ತು. ಮರುವಾರ ಹೋಗುವಷ್ಟರಲ್ಲಿ ಪಾರ್ಕಿನವರು ಆ ಕೊಂಬೆಯನ್ನೇ ಕಡಿದು ಅಚ್ಚುಕಟ್ಟು ಮಾಡಿದ್ದರು. ಒಣಕೊಂಬೆ ಕಂಡರೆ ಕೈ ಸುಮ್ಮನಿರದ ಜನರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕೋಗಿಲೆಯನ್ನಂತೂ ಹುಡುಕಬೇಕಾಗಿಲ್ಲ. ಕುಹೂ ಎನ್ನುವುದು ಕಪ್ಪು ಗಂಡು. ಕಂದು ಮೈಯ ಚುಕ್ಕೆಗಳ ಹೆಣ್ಣು ಕಿಕ್‌ಕಿಕ್ ಎಂದು ಕಿರುಚುತ್ತದೆ. ಕಾಗೆಯ ಗೂಡನ್ನು ಮಗನಿಗೆ ತೋರಿಸಿ, ಅದರ ಮೊಟ್ಟೆಗಳ ನಡುವೆ ಕೋಗಿಲೆಯ ಮೊಟ್ಟೆಯೂ ಇರಬಹುದೆಂದು ಹೇಳಿ ನೋಡಿ. ಆಮೇಲೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ನೀವೇ ಸುಸ್ತಾಗುತ್ತೀರಿ.

ನೀರಿನ ಕಡೆ ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ಕತ್ತು ಮಾತ್ರ ಹೊರಗಿಟ್ಟು ಈಜುವ ಹಾವಕ್ಕಿ ಇವೆಲ್ಲ ಸಿಗುತ್ತವೆ. ಕೊಕ್ಕರೆಗಳು ಕೂರುವ ಮರದ ನೇರ ಕೆಳಗೆ ನಿಲ್ಲಬೇಡಿ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಮೆರಾ ಬೇಡ, 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಟವನ್ನು ಗೂಡಿನ ಕಾಲದಲ್ಲಿ ದಯವಿಟ್ಟು ಮಾಡಬೇಡಿ. ತನ್ನ ಜಾಗಕ್ಕೆ ಯಾರೋ ನುಗ್ಗಿದರೆಂದು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದರೆ ರಂಗನತಿಟ್ಟಿಗೆ ಹೋಗಿ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ನಡುಗಡ್ಡೆಗಳು ಅವು. ಬಣ್ಣದ ಕೊಕ್ಕರೆಗಳನ್ನು ಎಲ್ಲರೂ ನೋಡುತ್ತಾರೆ. ನೀವು ದೋಣಿಯಿಂದ ಬಂಡೆಗಳನ್ನು ನೋಡಿ. ರೀವ (ರಿವರ್ ಟರ್ನ್) ಹಕ್ಕಿಗಳು ಬರಿಯ ಕಲ್ಲಿನ ಮೇಲೆಯೇ ಮೊಟ್ಟೆಯಿಡುತ್ತವೆ. ಬಂಡೆಯ ಚಾಚಿನ ಕೆಳಗೆ ಅಂಬರಗುಬ್ಬಿಗಳು ಕೆಸರಿನ ಉಂಡೆ ಮೆತ್ತಿ ಮೆತ್ತಿ ಕಟ್ಟಿದ ಗೂಡುಗಳ ಗುಂಪು ಇರುತ್ತದೆ. ಆದರೆ ಕುಕ್ಕರಹಳ್ಳಿಯನ್ನು ಮೊದಲು ಮುಗಿಸಿಕೊಳ್ಳಿ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ಅದನ್ನು ಕಂಡ ಮೇಲೆ ಏಳು ವರ್ಷದ ಹುಡುಗ ಹಕ್ಕಿಯ ಕಡೆ ತಿರುಗುವುದು ಅನುಮಾನ.